ಖಾಲಾ ಒಪ್ಪಿಸಿಹೋದ ಮೊಲ

ಆ ಮೊಲ ನಮ್ಮ ಮನೆಗೆ ಬಂದದ್ದು ಬೀದರ್ ಮೈಸೂರು ರಾಜ್ಯಕ್ಕೆ ಸೇರುವುದಕ್ಕೆ ಹತ್ತು ದಿನ ಇರುವಾಗ. ನನಗಾಗ ಹತ್ತೊಂಬತ್ತು ವರ್ಷ. ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಔರಾದಿನ ಅತ್ತೆಮನೆಯಿಂದ ಅಪ್ಪ ನನ್ನನ್ನು ಬಸ್ಸಿನಲ್ಲಿ ಬೀದರಿಗೆ ಕರೆತಂದಿದ್ದ. ಮನೆಗೆ ಬಂದ ಮೇಲೆ ನನ್ನ ಬಾಯಿಂದ ಹೆಚ್ಚು ಮಾತು ಹೊರಡಲಿಲ್ಲ. ಕಸ ಹೊಡೆಯುತ್ತಿದ್ದೆ, ನೀರು ಸೇದುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ. ಯಾರಾದರೂ ಬಂದರೆ ಎದ್ದು ಒಳಕೋಣೆಗೆ ಹೋಗಿ ಕೂಡುತ್ತಿದ್ದೆ.

ನಮ್ಮ ಮನೆಯ ಗೋಡೆಗೆ ಅಂಟಿಕೊಂಡಂತೆ ಇದ್ದದ್ದು ಖಾಲಾನ ಮನೆ. ನಾನು ಹುಟ್ಟಿದಾಗಿನಿಂದ ಅವಳನ್ನು ಖಾಲಾ, ಎಂದರೆ ಚಿಕ್ಕಮ್ಮ, ಎಂದೇ ಕರೆದವಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಕಚೇರಿಯೊಂದರಲ್ಲಿ ಕಾರಕೂನ. ಅವಳ ಅಂಗಳದಲ್ಲಿ ಒಂದು ಬಿಳಿ ಮೊಲ ಓಡಾಡಿಕೊಂಡಿತ್ತು. ಹಳೆಯ ಪೆಟ್ಟಿಗೆಯೊಂದಕ್ಕೆ ತಂತಿಯ ಜಾಲರಿ ಬಡಿಸಿ ಅದಕ್ಕೆ ಮನೆ ಮಾಡಿದ್ದಳು. ಹೆಣ್ಣು ಮೊಲ, ಕಿವಿಯ ತುದಿ ಮಾತ್ರ ಬೂದಿ ಬಣ್ಣ. ಖಾಲಾ ಅದನ್ನು ಏನೇನೋ ಮುದ್ದಿನ ಮಾತುಗಳಿಂದ ಕರೆಯುತ್ತಿದ್ದಳು. ನಮ್ಮ ಮನೆಯಲ್ಲಿ ಅದಕ್ಕೆ ಮೊಲ ಎಂಬುದನ್ನು ಬಿಟ್ಟು ಬೇರೆ ಹೆಸರು ಹತ್ತಲಿಲ್ಲ.

ಆ ವರ್ಷ ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡುತ್ತಾರೆಂದು ಗೊತ್ತಾದಾಗ ನಮ್ಮ ಓಣಿಯ ನೌಕರದಾರರಿಗೆಲ್ಲ ಅದೇ ಮಾತು. ಯಾರು ಯಾವ ಕಡೆ ಹೋಗುತ್ತಾರೆ, ಯಾರು ಇಲ್ಲಿಯೇ ಉಳಿಯುತ್ತಾರೆ. ಖಾಲಾನ ಗಂಡ ಹೈದರಾಬಾದಿಗೆ ಹೋಗುವುದೆಂದು ಬರೆದುಕೊಟ್ಟಿದ್ದ. ಅವನ ಅಣ್ಣತಮ್ಮಂದಿರೆಲ್ಲ ಅಲ್ಲಿದ್ದರು. ಹೊರಡುವ ದಿನ ಖಾಲಾ ಮೊಲವನ್ನು ಎದೆಗೆ ಅವುಚಿಕೊಂಡು ನಮ್ಮ ಹಿತ್ತಲ ಬಾಗಿಲಿನಿಂದ ಬಂದಳು. ಸೀದಾ ಒಳಕೋಣೆಗೆ ಬಂದು ನನ್ನ ಮಡಿಲಲ್ಲಿ ಅದನ್ನು ಇಟ್ಟಳು.

"ಬೇಟಿ, ಇದಕ್ಕ ರೈಲಿನಾಗ ಹ್ಯಾಂಗ ಒಯ್ಯಲಿ? ಅಲ್ಲಿ ನಮಗ ಸಿಕ್ಕಿದ್ದು ಮಾಳಗಿ ಮ್ಯಾಲಿನ ಒಂದು ಖೋಲಿ. ಅಂಗಳಾ ಇಲ್ಲ, ಮಣ್ಣಿಲ್ಲ. ಮನಿ ಸರಿಯಾದ್ದು ಸಿಗೋ ತನಕ ನಿನ್ನ ಹತ್ರ ಅಮಾನತ್ ಇರಲಿ."

ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಕೇಳಿದಾಗ ಹೇಗಿತ್ತೋ ಹಾಗೆಯೇ ಹಿಂದಕ್ಕೆ ಕೊಡಬೇಕಾದದ್ದು. ನಾನು ಆಗಲಿ ಎಂದೆ. ಖಾಲಾ ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಪ್ರಾರ್ಥನೆ ಹೇಳಿದಳು. ಏಳು ತಿಂಗಳಲ್ಲಿ ನನ್ನನ್ನು ನೋಡಲು ಬಂದವರಲ್ಲಿ ಹಣೆ ನೋಡದೆ ಕಣ್ಣು ನೋಡಿ ಮಾತಾಡಿದವಳು ಅವಳೊಬ್ಬಳೇ. ಅವಳು ಹೋದ ಮೇಲೆ ಆ ಮನೆಗೆ ಬೀಗ ಬಿತ್ತು.

ಹೊಸ ರಾಜ್ಯವಾದ ದಿನ ಶಾಲೆಯಲ್ಲಿ ಮಕ್ಕಳಿಗೆ ಸಿಹಿ ಹಂಚಿದರು. ಅಪ್ಪ ತನ್ನ ಪಾಲಿನ ಬುಂದಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ತಂದ. ಸಂತೋಷವಾಗಿದ್ದ, ಆದರೆ ಒಳಗೇ ಒಂದು ಚಿಂತೆ ಹೊತ್ತುಕೊಂಡಿದ್ದ. ಅಪ್ಪ ಉರ್ದು ಶಾಲೆಯಲ್ಲಿ ಲೆಕ್ಕ ಕಲಿಸುವ ಮಾಸ್ತರ. ಓದಿದ್ದೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡವಾದರೂ ಒಂದು ಸಾಲು ಕನ್ನಡ ಬರೆಯಲು ಬರುತ್ತಿರಲಿಲ್ಲ. ಇನ್ನು ಮುಂದೆ ಕಾಗದಪತ್ರವೆಲ್ಲ ಕನ್ನಡದಲ್ಲಿ ನಡೆಯುತ್ತದೆ, ಮಾಸ್ತರುಗಳು ಪರೀಕ್ಷೆ ಕೊಡಬೇಕಾಗುತ್ತದೆ ಎಂದು ಸುದ್ದಿಯಿತ್ತು. ಐವತ್ತರ ಹತ್ತಿರ ಬಂದ ಅಪ್ಪ ಪಾಟಿ ಹಿಡಿದು ನನ್ನ ಮುಂದೆ ಕೂತ. ನಾನು ಸಣ್ಣವಳಿದ್ದಾಗ ಎರಡು ವರ್ಷ ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಕಲಿತಿದ್ದೆ. ಅಪ್ಪನಿಗೆ ಅ ಆ ಬರೆದು ತೋರಿಸುವಾಗ ನನಗೆ ನಾಚಿಕೆಯಾಗುತ್ತಿತ್ತು. ಅವನಿಗೆ ಆಗುತ್ತಿರಲಿಲ್ಲ. ಉರ್ದುವಿನ ರೂಢಿಯಿಂದ ಬಲಗಡೆಯಿಂದ ಶುರು ಮಾಡಿಬಿಡುತ್ತಿದ್ದ, ಆಮೇಲೆ ನಾಲಗೆ ಕಚ್ಚಿಕೊಂಡು ಅಳಿಸುತ್ತಿದ್ದ.

ಚಳಿಗಾಲ ಕಳೆಯಿತು. ಮೊಲ ನಮ್ಮ ಮನೆಗೆ ಹೊಂದಿಕೊಂಡಿತ್ತು. ಅವ್ವನಿಗೆ ಅದು ಅಷ್ಟಾಗಿ ಸೇರುತ್ತಿರಲಿಲ್ಲ. ಮನೆತುಂಬ ಹಿಕ್ಕೆ ಹಾಕುತ್ತದೆ, ಕೌದಿಯ ಅಂಚು ಕಡಿಯುತ್ತದೆ ಎಂದು ಬೈಯುತ್ತಿದ್ದಳು. ನನಗೆ ಮಾತ್ರ ಅದರ ಜೊತೆ ಮಾತಾಡುವುದು ಸುಲಭವಾಗಿತ್ತು. ಅದು ಏನನ್ನೂ ಕೇಳುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಒಂದು ಮುಂಜಾನೆ ಮೊಲದ ಗದ್ದ ಒದ್ದೆಯಾಗಿರುವುದನ್ನು ಕಂಡೆ. ಜೊಲ್ಲು ಸುರಿಯುತ್ತಿತ್ತು. ಮೆಂತ್ಯದ ಸೊಪ್ಪನ್ನು ಮೂಸಿ ನೋಡಿ ಬಾಯಲ್ಲಿ ಹಿಡಿಯಿತು, ಅಗಿಯದೆ ಬಿಟ್ಟಿತು. ದವಡೆಯ ಕೆಳಗೆ ಕೈಯಾಡಿಸಿದರೆ ಹುಣಸೆಬೀಜದಷ್ಟು ಗಟ್ಟಿ ಗಂಟು. ನಾಲ್ಕೇ ದಿನಕ್ಕೆ ಅದು ನಿಂಬೆಕಾಯಿಯಷ್ಟಾಯಿತು. ಐದನೆಯ ದಿನ ಅದು ಪೆಟ್ಟಿಗೆಯ ಮೂಲೆಯಲ್ಲಿ ಮುದುಡಿ ಕೂತಲ್ಲಿಂದ ಅಲುಗಲಿಲ್ಲ.

ಅವ್ವ ನೋಡಿ, "ಅದರದ್ದು ಮುಗೀತು. ಹೊಲದ ಕಡಿ ಒಯ್ದು ಬಿಟ್ಟು ಬಾ ಅಂತ ನಿಮ್ಮಪ್ಪಗ ಹೇಳು. ಮನ್ಯಾಗ ಸಾಯೋದು ಬ್ಯಾಡ. ಒಂದು ಸಾವು ನೋಡಿದ್ದು ಸಾಕಾಗ್ಯಾದ," ಎಂದಳು.

ಅಪ್ಪ ಶಾಲೆಯಿಂದ ಬಂದವನು ಮೊಲದ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಅವ್ವನ ಕಡೆ ತಿರುಗಿ, "ಮಂದಿ ಒಪ್ಪಿಸಿ ಹೋದ ಜೀವ ಅದ. ಸತ್ತರ ಸಾಯಲಿ, ಆದರ ಏನೂ ಮಾಡದೇ ಸತ್ತದ ಅಂತ ನಾ ಕಾಗದ ಬರ್‍ಯಾಂಗಿಲ್ಲ," ಎಂದ. ನನಗೆ, "ನಾಳಿ ದನದ ದವಾಖಾನಿಗೆ ಒಯ್ಯೂಣು. ನೀನೂ ಬಾ," ಎಂದ.

ಔರಾದಿನಿಂದ ಬಂದ ಮೇಲೆ ನಾನು ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು.

ದನದ ದವಾಖಾನೆಗೆ ದಕ್ಷಿಣದ ಕಡೆಯಿಂದ ವರ್ಗವಾಗಿ ಹೊಸ ಡಾಕ್ಟರರು ಬಂದಿದ್ದರು. ಮೂವತ್ತು ದಾಟಿರದ ತೆಳ್ಳಗಿನ ಮನುಷ್ಯ. ನಮ್ಮ ಕಡೆಯ ರೈತರ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಉರ್ದು ಒಂದಕ್ಷರವೂ ಇಲ್ಲ. ಅವರ ಪಕ್ಕದಲ್ಲಿ ನಿಂತು ವಯಸ್ಸಾದ ಕಂಪೌಂಡರ್ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಎತ್ತು, ಎಮ್ಮೆ, ಆಡುಗಳ ನಡುವೆ ಬುಟ್ಟಿಯಲ್ಲಿ ಮೊಲ ಹಿಡಿದು ನಿಂತ ನಮ್ಮನ್ನು ನೋಡಿ ಅಷ್ಟೂರು ಎಂಬ ಹಳ್ಳಿಯಿಂದ ಬಂದಿದ್ದ ರೈತನೊಬ್ಬ ನಕ್ಕ. ಡಾಕ್ಟರರು ನಗಲಿಲ್ಲ. ಮೊಲದ ಬಾಯಿ ತೆರೆದು ನೋಡಿದರು. ಗಂಟನ್ನು ಒತ್ತಿ ನೋಡಿದರು.

"ಹಲ್ಲಿನ ಬೇರು ಕೊಳೆತು ಕೀವಾಗಿದೆ ಮೇಷ್ಟ್ರೇ. ಔಷಧಿಗೆ ಬಗ್ಗಲ್ಲ. ಕುಯ್ದು ತೆಗೀಬೇಕು. ಆದ್ರೆ ಸುಳ್ಳು ಹೇಳಲ್ಲ, ನಾನು ಇದುವರೆಗೆ ಮೊಲಕ್ಕೆ ಕತ್ತಿ ಹಾಕಿಲ್ಲ. ಇದು ಬಹಳ ಪುಕ್ಕಲು ಪ್ರಾಣಿ. ಮೇಜಿನ ಮೇಲೇ ಹೋದ್ರೂ ಹೋಗಬಹುದು."

ಅಪ್ಪ ನನ್ನ ಮುಖ ನೋಡಿದ. ಹೇಳಬೇಕಾದವಳು ನಾನೇ ಎಂದು ತಿಳಿಯಲು ನನಗೆ ಕ್ಷಣ ಹಿಡಿಯಿತು.

"ಕುಯ್ಯದಿದ್ದರ?" ಎಂದೆ.

"ಉಪವಾಸ ಬಿದ್ದು ಎರಡು ಮೂರು ದಿನಕ್ಕೆ ಸಾಯುತ್ತಮ್ಮ."

"ಹಂಗಾದರ ಕುಯ್ಯಿರಿ."

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಕಂಪೌಂಡರ್ ಮೊಲವನ್ನು ಕರುವನ್ನು ಹಿಡಿದಂತೆ ಗಟ್ಟಿಯಾಗಿ ಒತ್ತಿಹಿಡಿದ. ಅದು ಹಿಂಗಾಲಿನಿಂದ ಒದೆಯತೊಡಗಿತು. ಡಾಕ್ಟರರು ಗಾಬರಿಯಾಗಿ, "ಬಿಡಿ, ಬಿಡಿ. ಹೀಗೆ ಒದ್ದರೆ ಅದರ ಬೆನ್ನುಮೂಳೆ ಮುರಿದುಹೋಗುತ್ತೆ," ಎಂದರು. ನಂತರ ನನ್ನನ್ನು, "ನೀವು ಹಿಡ್ಕೋತೀರಾ? ನಿಮ್ಮ ಕೈ ಅದಕ್ಕೆ ಗೊತ್ತು. ರಕ್ತ ನೋಡಿದ್ರೆ ತಲೆ ತಿರುಗಲ್ಲ ತಾನೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಅಪ್ಪನ ಹೆಗಲ ಮೇಲಿನ ದಸ್ತಿಯನ್ನು ಇಸಿದುಕೊಂಡು ಮೊಲವನ್ನು ಎಳೆಕೂಸಿನಂತೆ ಸುತ್ತಿದೆ. ಮುಖವೊಂದೇ ಹೊರಗೆ. ಒಂದು ಅಂಗೈಯನ್ನು ಅದರ ಕಣ್ಣಿನ ಮೇಲಿಟ್ಟೆ. ಅದು ಸುಮ್ಮನಾಯಿತು. ಕಂಪೌಂಡರ್ ಹತ್ತಿಯ ಉಂಡೆಗೆ ಈಥರ್ ಹನಿಸಿ ಅದರ ಮೂಗಿನ ಹತ್ತಿರ ಹಿಡಿದ. ಆ ಸಿಹಿಯಾದ ಕಟುವಾಸನೆ ನನ್ನ ಮೂಗಿಗೂ ಬಂತು. ನನ್ನ ಬೆರಳುಗಳ ಕೆಳಗೆ ಅದರ ಎದೆ ಹೊಡೆದುಕೊಳ್ಳುವುದು ನಿಧಾನವಾಗುತ್ತ ಬಂತು. ಅಪ್ಪ ಬಾಗಿಲ ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ.

ಡಾಕ್ಟರರು ತುಪ್ಪಳ ಕತ್ತರಿಸಿ, ಗಂಟನ್ನು ಸೀಳಿದರು. ಕೀವು ಹರಿಯಲಿಲ್ಲ. ಗಟ್ಟಿ ಮೊಸರಿನಂತೆ ಮುದ್ದೆಮುದ್ದೆಯಾಗಿ ಹೊರಬಂತು. ಅದನ್ನೆಲ್ಲ ಚಿಕ್ಕ ಚಮಚದಿಂದ ಕೆರೆದು ತೆಗೆದು, ಬಾಯೊಳಗಿನಿಂದ ಒಂದು ಹಲ್ಲನ್ನು ಚಿಮಟಿಗೆಯಲ್ಲಿ ಕಿತ್ತರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಬುಡ ಕಪ್ಪಾಗಿತ್ತು. ಗಾಯವನ್ನು ಹೊಲಿಯಲಿಲ್ಲ, ಒಳಗೆ ಸಲ್ಫಾ ಪುಡಿ ತುಂಬಿ ಹಾಗೇ ಬಿಟ್ಟರು. ಒಳಗಿನಿಂದ ತುಂಬಿಕೊಂಡು ಬರಬೇಕು, ಮೇಲಿನ ಬಾಯಿ ಮೊದಲು ಮುಚ್ಚಿದರೆ ಮತ್ತೆ ಕೀವು ಕಟ್ಟುತ್ತದೆ ಎಂದರು. ಇಷ್ಟಕ್ಕೆಲ್ಲ ಕಾಲು ಗಂಟೆ ಹಿಡಿದಿರಬಹುದು. ನನಗೆ ತಲೆ ತಿರುಗಲಿಲ್ಲ.

ಕೈ ತೊಳೆದುಕೊಳ್ಳುತ್ತ ಡಾಕ್ಟರರು ಹೇಳಿದರು: "ನನ್ನ ಕೆಲಸ ಮುಗೀತು. ಇನ್ನು ನಿಮ್ಮದು. ದಿನಕ್ಕೆರಡು ಸಲ ಉಪ್ಪುನೀರಲ್ಲಿ ಗಾಯ ತೊಳೀಬೇಕು. ಎರಡು ಗಂಟೆಗೊಮ್ಮೆ ಬಾಯಿಗೆ ಏನಾದ್ರೂ ಹಾಕಬೇಕು, ಬಲವಂತ ಮಾಡಿಯಾದ್ರೂ. ಮೊಲದ ಹೊಟ್ಟೆ ನಿಲ್ಲಬಾರದು. ನಿಂತರೆ ಗಾಯದಿಂದಲ್ಲ, ಹೊಟ್ಟೆಯಿಂದ ಸಾಯುತ್ತೆ. ಹಿಕ್ಕೆ ಬಿತ್ತೋ ಬದುಕಿತು ಅಂದ್ಕೊಳ್ಳಿ."

ಬುಟ್ಟಿಗೆ ಬಿಸಿಲು ತಾಗದಂತೆ ಅಪ್ಪ ಕೊಡೆ ಹಿಡಿದ. ತಾನು ಬಿಸಿಲಲ್ಲೇ ನಡೆದ.

ಮನೆಯಲ್ಲಿ ಒಳಕೋಣೆಯ ನೆಲಕ್ಕೆ ಗೋಣಿಚೀಲ ಹಾಸಿ, ಮೊಲವನ್ನು ಅದರ ಮೇಲೆ ಮಲಗಿಸಿ, ಬಿಸಿನೀರು ತುಂಬಿದ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಈಥರಿನಿಂದ ಎದ್ದ ಮೇಲೆ ಅದರ ಮೈ ತಣ್ಣಗಿತ್ತು. ಕಿವಿಗಳು ಒಣಗಿದ ಎಲೆಯಂತೆ ಬಿದ್ದುಕೊಂಡಿದ್ದವು. ಬಾಯಿಗೆ ಹಾಕುವುದು ಹೇಗೆ ಎಂಬುದು ಮೊದಲ ಪ್ರಶ್ನೆ. ಚಮಚ ಹಿಡಿಸುತ್ತಿರಲಿಲ್ಲ. ಅಪ್ಪ ತನ್ನ ಪೆನ್ನಿಗೆ ಮಸಿ ತುಂಬುವ ಸಣ್ಣ ಪಿಚಕಾರಿಯನ್ನು ತಂದುಕೊಟ್ಟ. ಅದನ್ನು ಮೂರು ಸಲ ಕುದಿಸಿದರೂ ನೀರು ತುಸು ನೀಲಿಯಾಗಿಯೇ ಬರುತ್ತಿತ್ತು. ನಾಲ್ಕನೆಯ ಸಲಕ್ಕೆ ತಿಳಿಯಾಯಿತು. ಟಾಂಗಾ ಕುದುರೆಗಳಿಗೆ ಹಾಕುವ ಕುದುರೆ ಮಸಾಲೆಯ ಸೊಪ್ಪನ್ನು ತರಿಸಿ, ಕಲ್ಲಿನಲ್ಲಿ ನುಣ್ಣಗೆ ಅರೆದು, ತೆಳ್ಳನೆಯ ಜೋಳದ ಗಂಜಿಗೆ ಬೆರೆಸಿ ಸೋಸಿದೆ. ಮೊಲವನ್ನು ದಸ್ತಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಬಾಯಿಯ ಪಕ್ಕದ ಸಂದಿಯಿಂದ ಒಂದು ಹನಿ ಬಿಟ್ಟೆ. ಗದ್ದದ ಮೇಲೆ ಇಳಿದುಹೋಯಿತು. ಇನ್ನೊಂದು ಹನಿ. ಅದೂ ಇಳಿಯಿತು. ಮೂರನೆಯದಕ್ಕೆ ಗಂಟಲು ಒಮ್ಮೆ ಅಲುಗಿತು.

ಆಗ ನನಗೆ ಔರಾದು ನೆನಪಾಯಿತು. ನನ್ನ ಗಂಡ ವಿಷಮಜ್ವರದಲ್ಲಿ ಇಪ್ಪತ್ತೊಂದು ದಿನ ಮಲಗಿದ್ದ. ನಮ್ಮ ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅವನು ಮಲಗಿದ ಕೋಣೆಗೆ ಅತ್ತೆ ನನ್ನನ್ನು ಬಿಡಲಿಲ್ಲ. "ನೀ ಒಳಗ ಬರಬ್ಯಾಡ. ನೀ ಬಂದಾಗಿಂದನೇ ಈ ಮನಿಗೆ ಹಿಂಗಾಗ್ಯಾದ," ಎಂದಿದ್ದಳು. ನಾನು ಗಂಜಿ ಕಾಯಿಸಿ ಬಾಗಿಲಲ್ಲಿ ಇಡುತ್ತಿದ್ದೆ. ಬಟ್ಟಲು ಅರ್ಧ ತುಂಬಿಯೇ ಹಿಂದಕ್ಕೆ ಬರುತ್ತಿತ್ತು. ಬಾಗಿಲ ಸಂದಿಯಿಂದ ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಕೊನೆಕೊನೆಗೆ ಅವು ಬಹಳ ಬೆಳ್ಳಗಾಗಿದ್ದವು. ಅವನ ಬಾಯಿಗೆ ನಾನು ಒಂದು ಗುಟುಕು ನೀರನ್ನೂ ಹಾಕಲಿಲ್ಲ. ಹಾಕಿದ್ದರೆ ಉಳಿಯುತ್ತಿದ್ದ ಎಂದು ನಾನು ಹೇಳುವುದಿಲ್ಲ. ಆಮೇಲೆ ಎಷ್ಟೋ ವಿಷಮಜ್ವರದವರನ್ನು ನೋಡಿದ್ದೇನೆ, ಉಳಿಯದವರು ಉಳಿಯುವುದಿಲ್ಲ. ಆದರೆ ಹಾಕಲಿಲ್ಲ ಎಂಬುದು ನನ್ನೊಳಗೆ ಕಲ್ಲಿನಂತೆ ಕೂತಿತ್ತು. ಮೊಲದ ಗಂಟಲು ಅಲುಗಿದ್ದನ್ನು ಕಂಡಾಗ ನನಗೆ ಅಳು ಬಂತು. ಗಂಡ ಸತ್ತಾಗ ಎಲ್ಲರ ಮುಂದೆ ಅತ್ತಿದ್ದೆ, ಅವರೆಲ್ಲ ಅಳಿಸಿದ್ದರು. ಇದು ಹಾಗಲ್ಲ. ಅಡುಗೆಮನೆಯಲ್ಲಿದ್ದ ಅವ್ವನಿಗೆ ಕೇಳದಂತೆ ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಕೈಯಲ್ಲಿನ ಪಿಚಕಾರಿ ಮಾತ್ರ ಬಿಡಲಿಲ್ಲ.

ಅಂದು ಸಂಜೆ ಅಪ್ಪ ಒಂದು ನೋಟ್‌ಬುಕ್ ತೆಗೆದು, "ನೀ ಹೇಳು, ನಾ ಬರೀತೇನಿ. ಡಾಕ್ಟರ್ ಸಾಹೇಬರು ಕೇಳಿದರ ತೋರಸಲಿಕ್ಕ ಬರ್ತದ. ನನಗೂ ಕನ್ನಡ ರೂಢಿ ಆಗ್ತದ," ಎಂದ. ಅಂದಿನಿಂದ ಬೆಳಗ್ಗೆ ಎಷ್ಟು ಗಂಟೆಗೆ ಎಷ್ಟು ಪಿಚಕಾರಿ, ನುಂಗಿತೋ ಉಗುಳಿತೋ, ಗಾಯದ ಬಣ್ಣ ಹೇಗಿದೆ ಎಲ್ಲವನ್ನೂ ಬರೆದ. ಒತ್ತಕ್ಷರಕ್ಕೆ ಬಂದಾಗ ಪೆನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದ. ನಾನು ಶಾಲೆಯಲ್ಲಿರುವ ಹೊತ್ತಿನದನ್ನು ನೆನಪಿಟ್ಟುಕೊಂಡು ಸಂಜೆ ಹೇಳುತ್ತಿದ್ದೆ. ಅಂದರೆ ಅಪ್ಪ ಶಾಲೆಯಲ್ಲಿರುವ ಹೊತ್ತಿನದನ್ನು. ಈ ತಪ್ಪು ನನಗೆ ಈಗಲೂ ಆಗುತ್ತದೆ, ಆ ದಿನಗಳಲ್ಲಿ ಯಾರು ಮಾಸ್ತರ, ಯಾರು ಮಗು ಎಂಬುದು ಹಾಗೆ ಕಲಸಿಹೋಗಿತ್ತು.

ಮೊದಲ ದಿನ ಹಿಕ್ಕೆ ಬೀಳಲಿಲ್ಲ. ಎರಡನೆಯ ದಿನವೂ ಇಲ್ಲ. ಮೊಲ ಹಲ್ಲು ಮಸೆಯುವ ಸದ್ದು ಕೇಳುತ್ತಿತ್ತು, ಅದು ನೋವಿನ ಸದ್ದು. ಹೊಟ್ಟೆ ಬಿಗಿದುಕೊಂಡಿತ್ತು. ಅಂಗೈ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯನ್ನು ಮೆಲ್ಲಗೆ ನೀವುತ್ತಿದ್ದೆ, ಎಳೆಮಕ್ಕಳಿಗೆ ನೀವುತ್ತಾರಲ್ಲ ಹಾಗೆ. ಅವ್ವ ಕೋಣೆಯ ಬಾಗಿಲವರೆಗೆ ಬಂದು ನೋಡಿ ಹೋಗುತ್ತಿದ್ದಳು. ಎರಡನೆಯ ದಿನ ಸಂಜೆ, "ನೀ ಮುಂಜಾನಿಂದ ಏನೂ ತಿಂದಿಲ್ಲ," ಎಂದು ತಟ್ಟೆಯಲ್ಲಿ ರೊಟ್ಟಿ ಪುಂಡಿಪಲ್ಯ ತಂದಿಟ್ಟಳು. ನನ್ನ ಕೈ ಮೊಲದ ಮೇಲಿತ್ತು. ಅವ್ವ ಪಕ್ಕದಲ್ಲಿ ಕೂತು, ತುತ್ತು ಮಾಡಿ ನನ್ನ ಬಾಯಿಗಿಟ್ಟಳು.

ಮೂರನೆಯ ದಿನ ಬೆಳಕು ಹರಿಯುವಾಗ ನನಗೆ ಗೋಡೆಗೊರಗಿದಲ್ಲೇ ಜೊಂಪು ಹತ್ತಿತ್ತು. ಕಸ ಹೊಡೆಯಲು ಬಂದ ಅವ್ವ ನನ್ನ ಭುಜ ಹಿಡಿದು ಅಲುಗಿಸಿದಳು.

"ಏಳು, ಏಳು. ಇಲ್ಲಿ ನೋಡು ಬಾ. ಬಿದ್ದಾವ!"

ಗೋಣಿಯ ಮೇಲೆ ಐದು ಹಿಕ್ಕೆ. ಚಿಕ್ಕವು, ಕಪ್ಪಗೆ, ಒಂದಕ್ಕೊಂದು ಕೂದಲಿನಿಂದ ಪೋಣಿಸಿಕೊಂಡಂತಿದ್ದವು. ಅವ್ವ ಅವನ್ನು ಅಂಗೈಯಲ್ಲಿ ಎತ್ತಿಕೊಂಡು ಎಣಿಸಿದಳು. ಹಿಕ್ಕೆ ಎಂದರೆ ಮೂಗು ಮುರಿಯುತ್ತಿದ್ದವಳು ಅವನ್ನು ಅಪ್ಪನಿಗೆ ತೋರಿಸಲು ಅಂಗಳಕ್ಕೆ ಹೋದಳು. ಅಪ್ಪ ಹಲ್ಲುಜ್ಜುವುದನ್ನು ಬಿಟ್ಟು ಬಂದು ನೋಟ್‌ಬುಕ್ ತೆರೆದ. 'ಹಿಕ್ಕೆ' ಎಂದು ಬರೆಯುವುದು ಹೇಗೆಂದು ಕೇಳಿದ. ಕಕಾರಕ್ಕೆ ಕಕಾರದ ಒತ್ತು ಎಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ವಾರದ ನಂತರ ಗಾಯದ ಬಾಯಿ ಕೂಡಿಕೊಂಡು ಒಳಗೆ ಮತ್ತೆ ಗಟ್ಟಿಯಾಯಿತು. ಮೊಲ ತಾನಾಗಿ ತಿನ್ನಲು ಹಿಡಿದದ್ದು ಮತ್ತೆ ಬಿಟ್ಟಿತು. ಬುಟ್ಟಿ ಹೊತ್ತು ಮತ್ತೆ ದವಾಖಾನೆಗೆ ಹೋದೆವು. ಡಾಕ್ಟರರು, "ಈ ಸಲ ಈಥರ್ ಕೊಟ್ಟರೆ ತಡಕೊಳ್ಳಲ್ಲ. ಹಾಗೇ ಬಿಡಿಸಬೇಕು," ಎಂದರು. ನಾನು ಹಿಡಿದುಕೊಂಡೆ, ಅವರು ಮೇಲಿನ ಪೊರೆ ಬಿಡಿಸಿದರು. ಮೊಲ ಕಿರುಚಿತು. ಮೊಲಕ್ಕೆ ದನಿಯಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಣ್ಣ ಮಗುವಿನ ದನಿಯಂತೆಯೇ ಇತ್ತು. ಹೊರಗೆ ಎತ್ತು ಹಿಡಿದು ನಿಂತವರೂ ಬಾಗಿಲ ಕಡೆ ತಿರುಗಿ ನೋಡಿದರು. ಒಳಗಿನ ಕೀವನ್ನು ಹೊರಗೊತ್ತುವುದು ಹೇಗೆಂದು ಡಾಕ್ಟರರು ನನಗೆ ತೋರಿಸಿಕೊಟ್ಟರು. ಇನ್ನು ಮೇಲೆ ದಿನವೂ ಇದನ್ನು ನೀವೇ ಮಾಡಬೇಕು, ನೋವಾಗುತ್ತದೆ ಎಂದು ಕೈ ತಡೆದರೆ ಅದಕ್ಕೆ ಕೇಡು ಮಾಡಿದಂತೆ ಎಂದರು.

ಹಾಗೆ ಮಾಡಿದೆ. ಹದಿನೆಂಟು ದಿನ. ನನ್ನ ಕೈ ಬಂದರೆ ನೋವು ಬರುತ್ತದೆಂದು ಮೊಲಕ್ಕೆ ಗೊತ್ತಾಗಿಹೋಗಿತ್ತು. ದಸ್ತಿ ಕಂಡರೆ ಮೂಲೆ ಸೇರುತ್ತಿತ್ತು. ನಾನು ಇಷ್ಟು ದಿನ ಮಾತಾಡಿಸುತ್ತಿದ್ದ ಒಂದೇ ಜೀವ ನನ್ನನ್ನು ಕಂಡರೆ ಹೆದರತೊಡಗಿದ್ದು ನನಗೆ ಬಹಳ ಕಷ್ಟವಾಯಿತು. ಅಪ್ಪನ ಮುಂದೆ ಹೇಳಿದೆ. ಅಪ್ಪ, "ನಾ ಲೆಕ್ಕದಾಗ ಹೊಡದ ಹುಡುಗ್ರೆಲ್ಲ ಇವತ್ತಿಗೂ ನನ್ನ ಕಂಡರ ಓಣಿ ಬದಲಿಸ್ತಾರ. ಅವರಿಗಿ ಲೆಕ್ಕ ಬಂದದ, ಸಾಕು," ಎಂದ. ಅದು ಸಮಾಧಾನವೋ ಅಲ್ಲವೋ, ನಗು ಮಾತ್ರ ಬಂತು. ಎಷ್ಟೋ ತಿಂಗಳ ಮೇಲೆ ನಾನು ನಕ್ಕದ್ದನ್ನು ಕೇಳಿ ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

ಬಿಸಿಲು ಕಡುವಾಗುತ್ತಿತ್ತು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆವು. ಗಾಯ ಒಳಗಿನಿಂದ ಕೆಂಪಗೆ ತುಂಬುತ್ತ, ಬಟಾಣಿಯಷ್ಟು, ಆಮೇಲೆ ಸಾಸಿವೆಯಷ್ಟು ಆಯಿತು. ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕರಕರ ಸದ್ದು ಕೇಳಿಸಿತು. ಮೊಲ ಪೆಟ್ಟಿಗೆಯಿಂದ ಹೊರಗೆ ಬಂದು ಅವ್ವನ ಕೌದಿಯ ಅಂಚನ್ನು ಕಡಿಯುತ್ತಿತ್ತು. ಯಾರೂ ಬೈಯಲಿಲ್ಲ.

ಕೊನೆಯ ಸಲ ತೋರಿಸಲು ಹೋದಾಗ ಅಪ್ಪ ನೋಟ್‌ಬುಕ್ಕನ್ನು ಡಾಕ್ಟರರ ಮುಂದಿಟ್ಟ. ಅವರು ಪುಟ ತಿರುವುತ್ತ ನಿಂತಲ್ಲೇ ಪೂರ್ತಿ ಓದಿದರು. ಅಕ್ಷರ ಯಾರದೆಂದು ಕೇಳಿದರು. ಅಪ್ಪ, "ಅಕ್ಷರ ನಂದ್ರಿ, ಕೆಲಸ ಆಕಿದು," ಎಂದ. ನನ್ನ ಓದು ಎಷ್ಟಾಗಿದೆ ಎಂದು ವಿಚಾರಿಸಿದರು. ಏಳನೆಯ ಇಯತ್ತೆ ಎಂದೆ. ಆಮೇಲೆ ಅಪ್ಪನಿಗೆ ಹೇಳಿದರು:

"ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನಿಮ್ಮ ಮನೆ ವಿಷಯ ನಮ್ಮ ಕಂಪೌಂಡರ್ ಹೇಳಿದ. ಈ ಹುಡುಗೀನ ಒಳಗೆ ಕೂರಿಸಿ ಏನ್ಮಾಡ್ತೀರಿ? ಗುಲ್ಬರ್ಗಾದಲ್ಲಿ ನರ್ಸ್ ಕೆಲಸ ಕಲಿಸ್ತಾರೆ. ಊಟ ವಸತಿ ಅಲ್ಲೇ. ಹಲವರಿಗೆ ಕಲಿಸಿದ್ರೂ ಬರದೇ ಇರೋದು ಇವರಿಗೆ ಕಲಿಸದೇನೇ ಬಂದಿದೆ."

ಮನೆಯಲ್ಲಿ ಆ ವಿಷಯ ಬಂದಾಗ ಅವ್ವ ಒಪ್ಪಲಿಲ್ಲ. ಕಂಡಕಂಡವರ ಮೈ ಮುಟ್ಟುವ ಕೆಲಸ, ಗಂಡ ಸತ್ತ ಹುಡುಗಿ ಊರು ಬಿಟ್ಟು ಒಬ್ಬಳೇ ಇದ್ದರೆ ಮಂದಿ ಏನಂತಾರೆ ಎಂದಳು.

"ಮಂದಿ ಔರಾದಿನಾಗೂ ಇದ್ದರು," ಎಂದ ಅಪ್ಪ. "ಇಪ್ಪತ್ತೊಂದು ದಿನ ನನ್ನ ಮಗಳಿಗಿ ಬಾಗಿಲ ಹೊರಗ ನಿಲ್ಲಿಸಿದ್ದು ನೋಡಿ ಯಾರೇನಂದರು?"

ನಾನು ಆ ಮಾತನ್ನು ಅವನಿಗೆ ಎಂದೂ ಹೇಳಿರಲಿಲ್ಲ. ಹೇಗೆ ಗೊತ್ತಾಯಿತೋ, ಯಾರಿಂದ ಕೇಳಿದನೋ, ನಾನೂ ಕೇಳಲಿಲ್ಲ. ಅವ್ವ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ನನ್ನ ಎರಡು ಸೀರೆಗಳನ್ನು ತೆಗೆದು ಹರಿದಲ್ಲಿ ಹೊಲಿಯುತ್ತ ಕೂತಳು. ಅದೇ ಅವಳ ಒಪ್ಪಿಗೆ.

ಖಾಲಾಗೆ ಅಪ್ಪ ಉರ್ದುವಿನಲ್ಲಿ ಎಲ್ಲ ವಿವರ ಬರೆದು ಹಾಕಿದ್ದ. ಮಳೆ ಹಿಡಿಯುವ ಮೊದಲು ನೆಂಟರ ಮದುವೆಗೆಂದು ಬೀದರಿಗೆ ಬಂದವಳು ನೇರ ನಮ್ಮ ಮನೆಗೆ ಬಂದಳು. ಬೀಗ ಬಿದ್ದ ತನ್ನ ಮನೆಯ ಕಡೆ ತಿರುಗಿ ಸಹ ನೋಡಲಿಲ್ಲ. ಮೊಲವನ್ನೆತ್ತಿಕೊಂಡು ಗದ್ದದ ಕೆಳಗೆ ಬೆರಳಾಡಿಸಿದಳು. ಅಲ್ಲಿ ಹೊಸದಾಗಿ ಬಂದ ತುಪ್ಪಳ ಬೇರೆ ದಿಕ್ಕಿಗೆ ವಾಲಿ ಸಣ್ಣ ಸುಳಿಯಂತೆ ನಿಂತಿತ್ತು.

"ನಮಗ ಈಗ ಕೆಳಗಿನ ಮನಿ ಸಿಕ್ಕದ, ಬೇಟಿ. ಸಣ್ಣ ಅಂಗಳಾನೂ ಅದ. ಆದರ ಇದು ಈಗ ನಿಂದು. ನೀ ಜೀವ ಕೊಟ್ಟೀದಿ. ನನಗ ಕೇಳಲಿಕ್ಕ ಹಕ್ಕಿಲ್ಲ," ಎಂದಳು.

ಇಟ್ಟುಕೊಳ್ಳುತ್ತೇನೆ ಎಂದು ಹೇಳಲು ನನಗೆ ಬಹಳ ಆಸೆಯಿತ್ತು. ಆದರೆ ಇನ್ನು ಹದಿನೈದು ದಿನಕ್ಕೆ ನಾನು ಗುಲ್ಬರ್ಗಾಕ್ಕೆ ಹೊರಡುವವಳು. ಅವ್ವನ ಕೈಗೆ ಬಿಡಬಹುದಿತ್ತು, ಅವಳು ಬೇಡ ಎನ್ನುತ್ತಿರಲಿಲ್ಲ. ಖಾಲಾ ಮೊಲವನ್ನು ಕೆಳಗಿಡದೆ ಹಿಡಿದುಕೊಂಡೇ ಮಾತಾಡುತ್ತಿದ್ದಳು. ಅಷ್ಟು ದೂರದ ಊರಿನಲ್ಲಿ ಗಂಡ ಕಚೇರಿಗೆ ಹೋದ ಮೇಲೆ ಅವಳು ದಿನವಿಡೀ ಒಬ್ಬಳೇ ಇರುತ್ತಾಳೆ ಎಂದು ನನಗೆ ಆಗ ಹೊಳೆಯಿತು.

"ಒಯ್ಯಿರಿ ಖಾಲಾ," ಎಂದೆ. "ಕುದುರಿ ಮಸಾಲಿ ಹಾಕ್ರಿ. ಹಲ್ಲು ಒಂದು ಇಲ್ಲ, ಗಟ್ಟಿ ಕೊಡಬ್ಯಾಡ್ರಿ. ಹಿಕ್ಕಿ ದಿನಾ ನೋಡ್ರಿ."

ಖಾಲಾ ಎಲ್ಲಕ್ಕೂ ತಲೆಯಾಡಿಸಿದಳು. ಬುಟ್ಟಿಯೊಳಗೆ ಹೋಗುವಾಗ ಮೊಲ ನನ್ನ ಕಡೆ ನೋಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ಬುಟ್ಟಿಯಲ್ಲಿ ಹಾಕಿದ್ದ ಕೊತ್ತಂಬರಿಯ ಕಡೆ ನೋಡುತ್ತಿತ್ತು.

ಗುಲ್ಬರ್ಗಾದಲ್ಲಿ ಕಲಿತು ಮುಗಿಸಿದ ಮೇಲೆ ನನ್ನನ್ನು ಭಾಲ್ಕಿಯ ಆಸ್ಪತ್ರೆಗೆ ಹಾಕಿದರು. ಅಲ್ಲಿಯ ಎರಡನೆಯ ಬೇಸಿಗೆಯಲ್ಲಿ ಅಪ್ಪನ ಪತ್ರ ಬಂತು. ಮೊಲ ಹೈದರಾಬಾದಿನಲ್ಲಿ ಖಾಲಾನ ಅಂಗಳದಲ್ಲಿ ಒಂದು ಮಧ್ಯಾಹ್ನ ಮಲಗಿದ್ದು ಏಳಲಿಲ್ಲ, ವಯಸ್ಸಾಗಿತ್ತು, ನೋವೇನೂ ಪಟ್ಟಿಲ್ಲ ಎಂದು ಖಾಲಾ ಬರೆದಿದ್ದಾಳೆ ಎಂದು ತಿಳಿಸಿದ್ದ. ಪತ್ರವನ್ನು ಎರಡು ಸಲ ಓದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೊಲ ಸತ್ತಿತೆಂದು ಯಾರ ಹತ್ತಿರ ಹೇಳುವುದು, ರಜೆಯನ್ನು ಯಾರ ಹತ್ತಿರ ಕೇಳುವುದು?

ಅಂದು ವಾರ್ಡಿನಲ್ಲಿ ಭಾತಂಬ್ರಾದಿಂದ ಬಂದ ಒಬ್ಬಳು ಬಾಣಂತಿಯಿದ್ದಳು. ಚೊಚ್ಚಲು. ಕೂಸು ತಿಂಗಳು ತುಂಬುವ ಮುಂಚೆ ಹುಟ್ಟಿತ್ತು, ಎರಡು ದಿನದಿಂದ ಮೊಲೆ ಹಿಡಿಯುತ್ತಿರಲಿಲ್ಲ. ಅವಳ ಜೊತೆ ಬಂದವರು ಆಸೆ ಬಿಟ್ಟು ಹೊರಗಿನ ಬೇವಿನ ಮರದ ಕೆಳಗೆ ಕೂತಿದ್ದರು. ನಾನು ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ಹಾಲನ್ನು ಬಟ್ಟಲಿಗೆ ಹಿಂಡಿಸಿ, ಹತ್ತಿಯ ಬತ್ತಿಯಲ್ಲಿ ಅದ್ದಿ ತುಟಿಗೆ ಹಚ್ಚುತ್ತ ಹೋದೆವು, ಒಮ್ಮೆ ಅವಳು, ಒಮ್ಮೆ ನಾನು. ಸಂಜೆಯ ಹೊತ್ತಿಗೆ ಕೂಸು ಚೀಪಲು ಹಿಡಿಯಿತು. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಹೊರಗೆ ಹೋಗಿ ಅವಳ ಮನೆಯವರನ್ನು ಒಳಗೆ ಬನ್ನಿ ಎಂದು ಕರೆದೆ.